ಹದಿನಾಲ್ಕರ ಮಗಳು ಯಾವ ದೇಶಕ್ಕೆ ಆಡಬೇಕು? ಫಿಗರ್ ಸ್ಕೇಟಿಂಗ್, ಪಾಸ್‌ಪೋರ್ಟ್ ಮತ್ತು ಝು ಯೀ

ಸ್ಯಾನ್‌ಹೊಸೆ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಹಾಸನದವರು, ಕ್ಯಾಲಿಫೋರ್ನಿಯಾಕ್ಕೆ ಬಂದು ಬಹಳ ವರ್ಷವಾಯಿತು. ನಾನು, ಯಜಮಾನರು ಇಬ್ಬರೂ ಈಗ ಅಮೆರಿಕದ ಪ್ರಜೆಗಳು. ಮಗಳು ಇಲ್ಲೇ ಹುಟ್ಟಿದವಳು, ಈಗ 14 ವರ್ಷ. ಚಿಕ್ಕಂದಿನಿಂದ ಫಿಗರ್ ಸ್ಕೇಟಿಂಗ್ ಮಾಡುತ್ತಾಳೆ. ಚೆನ್ನಾಗಿಯೇ ಮಾಡುತ್ತಾಳೆ, ಆದರೆ ಈ ದೇಶದಲ್ಲಿ ಚೆನ್ನಾಗಿ ಮಾಡುವ ಹುಡುಗಿಯರು ನೂರಾರು.

ರಿಂಕ್‌ನಲ್ಲಿ ಒಬ್ಬ ಕೋಚ್ ಹೇಳಿದರು: "ಇಲ್ಲಿ ಇವಳು ಮೇಲೆ ಬರೋದು ಕಷ್ಟ. ಭಾರತದ ಪರ ಆಡಿಸಿ. ಪೈಪೋಟಿ ಕಡಿಮೆ, ಬೇಗ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗಬಹುದು." ಅವತ್ತಿನಿಂದ ಮನೆಯಲ್ಲಿ ಇದೇ ಮಾತು. ಊರಲ್ಲಿ ಅಜ್ಜಿ ತಾತ ಆಗಲೇ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾರೆ. ಯಜಮಾನರಿಗೂ ಮನಸ್ಸಿದೆ. ನನಗೆ ಮಾತ್ರ ಝು ಯೀ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಝು ಯೀ ಹುಟ್ಟಿದ್ದು 2002ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಆಗ ಹೆಸರು ಬೆವರ್ಲಿ ಝು. 2018ರ ಜನವರಿಯಲ್ಲಿ ನಮ್ಮ ಸ್ಯಾನ್‌ಹೊಸೆಯಲ್ಲೇ ನಡೆದ ಅಮೆರಿಕ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ನೋವಿಸ್ ವಿಭಾಗ (ಜೂನಿಯರ್‌ಗಿಂತ ಒಂದು ಮೆಟ್ಟಿಲು ಕೆಳಗೆ) ಗೆದ್ದಳು. ಅದೇ ವರ್ಷ, 16ರ ಆಸುಪಾಸಿನಲ್ಲಿ, ಚೀನಾ ಪರ ಆಡುತ್ತೇನೆ ಅಂತ ಹೊರಟಳು. ಬೀಜಿಂಗ್ ಒಲಿಂಪಿಕ್ಸ್‌ಗಾಗಿ ಚೀನಾ ಆಗ ಹೊರದೇಶಗಳಲ್ಲಿ ಬೆಳೆದ ಚೀನೀ ಮೂಲದ ಮಕ್ಕಳನ್ನು ಕರೆಯುತ್ತಿತ್ತು. ಚೀನಾ ಎರಡು ಪೌರತ್ವ ಒಪ್ಪುವುದಿಲ್ಲ. ಅವಳು ಅಮೆರಿಕದ ಪೌರತ್ವ ಬಿಟ್ಟಳು.

2022ರ ಫೆಬ್ರವರಿ 6. ಒಲಿಂಪಿಕ್ಸ್‌ನ ತಂಡ ಸ್ಪರ್ಧೆ, ಹುಡುಗಿಯರ ಶಾರ್ಟ್ ಪ್ರೋಗ್ರಾಂ, ಅಂದರೆ ಮೊದಲ ಚಿಕ್ಕ ಸುತ್ತು. ನಾವು ಮೂವರೂ ಟಿವಿ ಮುಂದೆ ಕೂತಿದ್ದೆವು. ಮೊದಲ ಜೋಡಿ ಜಂಪ್‌ನಲ್ಲೇ ಬಿದ್ದಳು. ಬಿದ್ದ ರಭಸಕ್ಕೆ ಜಾರಿಕೊಂಡು ಹೋಗಿ ರಿಂಕ್‌ನ ಗೋಡೆಗೆ ಬಡಿದಳು. ಎದ್ದಳು. ಮುಂದೆ ಇನ್ನೊಂದು ಜಂಪ್ ಕೂಡ ಕೆಟ್ಟಿತು. ಅಂಕ 47.03. ಹತ್ತು ಜನರಲ್ಲಿ ಕೊನೆ. ಮೂರನೇ ಸ್ಥಾನದಲ್ಲಿದ್ದ ಚೀನಾ ತಂಡ ಐದಕ್ಕೆ ಇಳಿಯಿತು. ಕೆಲವೇ ಗಂಟೆಗಳಲ್ಲಿ ಚೀನಾದ ಸಾಮಾಜಿಕ ಜಾಲತಾಣ ವೈಬೋದಲ್ಲಿ "ಝು ಯೀ ಬಿದ್ದಳು" ಅನ್ನುವ ಹ್ಯಾಷ್‌ಟ್ಯಾಗ್ ಅನ್ನು 20 ಕೋಟಿ ಸಲ ನೋಡಿದ್ದರು. ಬೈಗುಳ ಎಷ್ಟಾಯಿತೆಂದರೆ ಕಡೆಗೆ ವೈಬೋದವರೇ ಅದನ್ನು ತಡೆದರು. ಮಾರನೇ ದಿನ ಎರಡನೇ, ದೊಡ್ಡ ಸುತ್ತಾದ ಫ್ರೀ ಸ್ಕೇಟ್‌ನಲ್ಲಿ ಮತ್ತೆ ಎರಡು ಸಲ ಬಿದ್ದಳು. ಐಸ್ ಮೇಲೆಯೇ ಅಳುತ್ತಿದ್ದಳು.

ಆಗ ಅವಳಿಗೆ 19. ತೀರ್ಮಾನ ಆದಾಗ 15-16. ಆ ವಯಸ್ಸಿನಲ್ಲಿ ದೇಶ ಬದಲಿಸುವ ತೀರ್ಮಾನ ನಿಜಕ್ಕೂ ಮಕ್ಕಳದ್ದಾ, ದೊಡ್ಡವರದ್ದಾ? ನಿಯಮ ಗೊತ್ತಿರುವವರು, ಮಕ್ಕಳನ್ನು ಆಡಿಸಿದವರು ದಯವಿಟ್ಟು ಬರೆಯಿರಿ. ನನಗೆ ಧೈರ್ಯದ ಮಾತು ಬೇಡ, ಮಾಹಿತಿ ಬೇಕು.

ನಿಯಮಪುಸ್ತಕ

ಅಕ್ಕ, ನಿಯಮದ ಮಟ್ಟಿಗೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ.

ಮೊದಲು ಸೀಟಿನ ಲೆಕ್ಕ. ಎಲ್ಲ ಕಥೆಗಳೂ ಇಲ್ಲಿಂದಲೇ ಶುರುವಾಗುತ್ತವೆ. ವಿಶ್ವ ಚಾಂಪಿಯನ್‌ಶಿಪ್‌ಗೆ ಒಂದು ದೇಶದಿಂದ ಒಂದು ವಿಭಾಗದಲ್ಲಿ ಹೆಚ್ಚೆಂದರೆ ಮೂರು ಜನ. ಆ ಮೂರೂ ಸುಮ್ನೆ ಸಿಗುವುದಿಲ್ಲ. ಹಿಂದಿನ ವರ್ಷ ಆ ದೇಶದವರು ಎಷ್ಟನೇ ಸ್ಥಾನಕ್ಕೆ ಬಂದರು ಅನ್ನುವುದರ ಮೇಲೆ ನಿಂತಿರುತ್ತದೆ. ಒಬ್ಬಳೇ ಹೋಗಿದ್ದರೆ ಮೊದಲ ಎರಡರೊಳಗೆ ಬಂದರೆ ಮುಂದಿನ ವರ್ಷ ಮೂರು ಸೀಟು, ಹತ್ತರೊಳಗೆ ಬಂದರೆ ಎರಡು. ಇಲ್ಲದಿದ್ದರೆ ಒಂದೇ. ಅಮೆರಿಕ, ಜಪಾನ್‌ನಂಥ ಕಡೆ ವಿಶ್ವಮಟ್ಟದ ಹುಡುಗಿಯರು ಹತ್ತಿಪ್ಪತ್ತು ಜನ ಇರುತ್ತಾರೆ, ಸೀಟು ಮೂರೇ. ಜಾರ್ಜಿಯಾ, ಪೋಲೆಂಡ್, ಅಜರ್ಬೈಜಾನ್‌ನಲ್ಲಿ ಸೀಟು ಇರುತ್ತದೆ, ಆಡುವವರು ಕಡಿಮೆ. ಹಾಗಾಗಿ ಮಕ್ಕಳು ಆ ಕಡೆ ಹೋಗುತ್ತಾರೆ.

ಇನ್ನು ಬದಲಾಯಿಸುವ ಕ್ರಮ. ಈ ಆಟವನ್ನು ನಡೆಸುವುದು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ, ಎಲ್ಲರೂ ಐಎಸ್‌ಯು ಅಂತಾರೆ. ಒಂದು ದೇಶದ ಪರ ಅಂತರರಾಷ್ಟ್ರೀಯ ಸ್ಪರ್ಧೆ ಆಡಿದವರು ಇನ್ನೊಂದಕ್ಕೆ ಹೋಗಬೇಕಾದರೆ ಹಳೆಯ ಫೆಡರೇಷನ್ ಬಿಡುಗಡೆ ಪತ್ರ ಕೊಡಬೇಕು. ಸಾಮಾನ್ಯವಾಗಿ ವರ್ಷವಾದರೂ ಕಾಯಬೇಕು. ಬೆಳೆಯುವ ವಯಸ್ಸಿನ ಹುಡುಗಿಗೆ ಸ್ಪರ್ಧೆಯಿಲ್ಲದ ಒಂದು ವರ್ಷ ಅಂದರೆ ಸಣ್ಣ ಮಾತಲ್ಲ. ಆ ವರ್ಷದಲ್ಲೇ ಎತ್ತರ ಬೆಳೆಯುತ್ತದೆ, ಜಂಪ್‌ಗಳು ಕೈತಪ್ಪುತ್ತವೆ.

ಐಎಸ್‌ಯು ಚಾಂಪಿಯನ್‌ಶಿಪ್‌ಗಳಿಗೆ ಪೌರತ್ವ ಇಲ್ಲದಿದ್ದರೂ ನಡೆಯುತ್ತದೆ, ಆ ದೇಶದಲ್ಲಿ ವರ್ಷದ ಮಟ್ಟಿಗೆ ವಾಸ ಇದ್ದರೆ ಸಾಕು. ಪೇರ್ಸ್‌ನಲ್ಲಾದರೆ, ಅಂದರೆ ಹುಡುಗ ಹುಡುಗಿ ಜೋಡಿಯಾಗಿ ಆಡುವ ವಿಭಾಗದಲ್ಲಿ, ಇಬ್ಬರಲ್ಲಿ ಒಬ್ಬರಿಗೆ ಆ ಅರ್ಹತೆ ಇದ್ದರೂ ಆಯಿತು. ಒಲಿಂಪಿಕ್ಸ್ ಹಾಗಲ್ಲ. ಪೌರತ್ವ ಬೇಕೇ ಬೇಕು. ಅದರ ಜೊತೆ ಒಲಿಂಪಿಕ್ ಸನ್ನದಿನ 41ನೇ ನಿಯಮ ಇದೆ. ಹಳೆಯ ದೇಶದ ಪರ ಕೊನೆಯ ಸಲ ಆಡಿ ಮೂರು ವರ್ಷ ಆಗಿರಬೇಕು. ಸಂಬಂಧಪಟ್ಟ ಸಮಿತಿಗಳೆಲ್ಲ ಒಪ್ಪಿದರೆ ಮಾತ್ರ ಇದನ್ನು ಕಡಿಮೆ ಮಾಡುತ್ತಾರೆ.

ನಿಮ್ಮ ಮಗಳು ಅಮೆರಿಕದ ಪರ ಯಾವುದಾದರೂ ಅಂತರರಾಷ್ಟ್ರೀಯ ಸ್ಪರ್ಧೆ ಆಡಿದ್ದಾಳಾ? ಆಡಿಲ್ಲದಿದ್ದರೆ ಬಿಡುಗಡೆ, ಕಾಯುವುದು ಯಾವುದೂ ಇಲ್ಲ.

ಸ್ಯಾನ್‌ಹೊಸೆ_ಅಮ್ಮ

ಇಲ್ಲ ಸರ್, ಆಡಿಲ್ಲ. ಇಲ್ಲಿನ ಸೆಕ್ಷನಲ್ಸ್, ಅಂದರೆ ದೇಶದೊಳಗಿನ ಪ್ರಾದೇಶಿಕ ಸ್ಪರ್ಧೆಯ ಮಟ್ಟ ಅಷ್ಟೇ.

ಜಯನಗರ_4ನೇ_ಬ್ಲಾಕ್

ಝು ಯೀ ಬಗ್ಗೆ ಪಾಪ ಅನಿಸುತ್ತದೆ ನಿಜ. ಆದರೆ ಇನ್ನೊಬ್ಬಳ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ಬೀಜಿಂಗ್‌ನಲ್ಲಿ ಚೀನಾಕ್ಕೆ ಇದ್ದದ್ದು ಮಹಿಳಾ ಸಿಂಗಲ್ಸ್‌ನಲ್ಲಿ ಒಂದೇ ಸೀಟು. ಹಿಂದಿನ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚೀನಾ ಪರ ಆಡಿದ್ದ ಚೆನ್ ಹೋಂಗ್‌ಯಿ ಅಲ್ಲೇ ಹುಟ್ಟಿ ಬೆಳೆದವಳು. ಅವಳನ್ನು ಬಿಟ್ಟು ಝು ಯೀಯನ್ನು ಆರಿಸಿದರು. ಜನ ಕೋಪ ಮಾಡಿಕೊಂಡದ್ದಕ್ಕೆ ಇದೂ ಒಂದು ಕಾರಣ. ಅಲ್ಲೇ ಬೆವರು ಸುರಿಸಿದವಳ ಜಾಗಕ್ಕೆ ಹೊರಗಿನಿಂದ ಬಂದವಳು ಕೂತರೆ ಯಾರಿಗಾದರೂ ಹೊಟ್ಟೆ ಉರಿಯಲ್ವಾ? ನಾಳೆ ನಮ್ಮಲ್ಲೂ ಇದೇ ಆಗುತ್ತದೆ. ಶಿಮ್ಲಾದಲ್ಲಿ ಚಳಿಗಾಲದ ಕೆಲವೇ ವಾರ ಸಿಗುವ ಐಸ್ ಮೇಲೆ ಕಲಿತ ಹುಡುಗಿ ಒಂದು ಕಡೆ, ವರ್ಷವಿಡೀ ರಿಂಕ್, ದೊಡ್ಡ ಕೋಚ್ ಇರುವ ಅಮೆರಿಕದ ಹುಡುಗಿ ಇನ್ನೊಂದು ಕಡೆ. ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಾ?

ಅಕ್ಕ, ನಿಮ್ಮ ಮಗಳ ತಪ್ಪು ಅಂತ ಹೇಳುತ್ತಿಲ್ಲ. ಲೆಕ್ಕಕ್ಕೆ ಆ ಹುಡುಗಿಯೂ ಬರಲಿ ಅಂತ.

ಕೊಪ್ಪದ_ಹುಡುಗಿ

ಜಯನಗರದವರ ಮಾತಿನಲ್ಲಿ ಸತ್ಯ ಇದೆ. ಆದರೆ ಝು ಯೀಗೆ ಬಿದ್ದ ಬೈಗುಳ ಚೆನ್ ಹೋಂಗ್‌ಯಿ ಮೇಲಿನ ಪ್ರೀತಿಯಿಂದ ಬಂದದ್ದು ಅಂತ ನಾನು ಒಪ್ಪುವುದಿಲ್ಲ. ಅವತ್ತು ಅವಳನ್ನು ಬೈದದ್ದು ಯಾವುದಕ್ಕೆ ನೋಡಿ. ಚೀನೀ ಭಾಷೆ ಸರಿಯಾಗಿ ಬರುವುದಿಲ್ಲ ಅಂತ. ಅಪ್ಪನ ಪ್ರಭಾವದಿಂದ ಸೀಟು ಸಿಕ್ಕಿತು ಅಂತ. ಅವಳ ಅಪ್ಪ ಝು ಸಾಂಗ್‌ಚುನ್ ಕೃತಕ ಬುದ್ಧಿಮತ್ತೆಯಲ್ಲಿ ದೊಡ್ಡ ಹೆಸರು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಬಿಟ್ಟು 2020ರಲ್ಲಿ ಬೀಜಿಂಗ್‌ಗೆ ಹೋದವರು. ಅಪ್ಪನಿಂದಲೇ ಸೀಟು ಅನ್ನುವುದಕ್ಕೆ ಯಾರೂ ಪುರಾವೆ ಕೊಡಲಿಲ್ಲ. ಸುಮ್ನೆ ಹೇಳಿದರು, ಹಬ್ಬಿತು.

ಅದೇ ಒಲಿಂಪಿಕ್ಸ್‌ನಲ್ಲಿ ಐಲೀನ್ ಗು ಇದ್ದಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವಳು, ಸ್ಕೀಯಿಂಗ್. ಅವಳೂ 2019ರಲ್ಲಿ ಚೀನಾಕ್ಕೆ ಬದಲಿಸಿದವಳು. ಎರಡು ಚಿನ್ನ, ಒಂದು ಬೆಳ್ಳಿ ಗೆದ್ದಳು. ದೇಶವೇ ತಲೆ ಮೇಲೆ ಹೊತ್ತು ಮೆರೆಸಿತು. ಅಮೆರಿಕದ ಪಾಸ್‌ಪೋರ್ಟ್ ಬಿಟ್ಟಳಾ ಅನ್ನುವುದಕ್ಕೆ ಅವಳು ನೇರ ಉತ್ತರ ಕೊಡಲೇ ಇಲ್ಲ. ಗೆದ್ದವಳನ್ನು ಯಾರೂ ಜೋರಾಗಿ ಕೇಳಲೂ ಇಲ್ಲ. ಪೌರತ್ವ ಬಿಟ್ಟು ಬಂದ ಝು ಯೀ ಮಾತ್ರ ಬೈಯುವವರ ಬಾಯಲ್ಲಿ ಅಮೆರಿಕದವಳಾದಳು.

ದೇಶ ಬದಲಿಸದೆ ಇದ್ದಲ್ಲೇ ಇದ್ದರೆ ಬಚಾವಾ ಅಂದರೆ ಅದೂ ಇಲ್ಲ. ನೇಥನ್ ಚೆನ್‌ನ ಅಪ್ಪ ಅಮ್ಮ ಚೀನಾದಿಂದ ಅಮೆರಿಕಕ್ಕೆ ಬಂದವರು. ಅವನು ಅಮೆರಿಕದ ಪರ ಆಡಿ ಪುರುಷರ ಚಿನ್ನ ಗೆದ್ದ. ಅದೇ ವಾರ ಅದೇ ಜನ ಅವನನ್ನೂ ದ್ರೋಹಿ ಅಂತ ಬೈದರು.

ಝು ಯೀ ಆಮೇಲೆ ಸಿಂಗಲ್ಸ್‌ಗೂ ಇಳಿದಳು. 27ನೇ ಸ್ಥಾನ, ಫ್ರೀ ಸ್ಕೇಟ್‌ಗೆ ಅರ್ಹತೆ ಸಿಗಲಿಲ್ಲ. ಆದರೆ ಆ ವಾರದ ನಂತರ ಮತ್ತೆ ಅದೇ ರಿಂಕ್‌ಗೆ, ಅದೇ ಜನರ ಮುಂದೆ ಬಂದು ನಿಂತಳಲ್ಲ, ನನಗೆ ಆ ಒಲಿಂಪಿಕ್ಸ್‌ನಲ್ಲಿ ಅದಕ್ಕಿಂತ ದೊಡ್ಡದು ಯಾವುದೂ ಕಾಣಲಿಲ್ಲ.

ಟೊರಾಂಟೊ_ಮಾವ

ಎಲ್ಲರೂ ಝು ಯೀ ಒಬ್ಬಳನ್ನೇ ಹಿಡಿದು ಕೂತರೆ ಆ ತಾಯಿ ಇನ್ನೂ ಹೆದರುತ್ತಾರೆ. ಬದಲಿಸಿ ಬಾಳಿದವರೂ ಇದ್ದಾರಮ್ಮ.

ಅನಸ್ತಾಸಿಯಾ ಗುಬಾನೋವಾ ನೋಡಿ. ರಷ್ಯಾದ ತೊಲ್ಯಾಟಿಯಲ್ಲಿ 2002ರಲ್ಲಿ ಹುಟ್ಟಿದವಳು, ಅಂದರೆ ಝು ಯೀ ವಾರಗೆಯವಳೇ. 2016ರ ಡಿಸೆಂಬರ್‌ನಲ್ಲಿ ಮಾರ್ಸೇಯಲ್ಲಿ ಜೂನಿಯರ್ ಗ್ರ್ಯಾನ್ ಪ್ರಿ ಫೈನಲ್. ಚಿನ್ನ ಅಲೀನಾ ಜಗೀಟೋವಾಗೆ, ಬೆಳ್ಳಿ ಇವಳಿಗೆ, ಕಂಚು ಜಪಾನಿನ ಕಾಓರಿ ಸಾಕಾಮೊಟೊಗೆ. ಜಗೀಟೋವಾ ಮುಂದಿನ ಒಲಿಂಪಿಕ್ಸ್ ಗೆದ್ದಳು. ಸಾಕಾಮೊಟೊ ಮೂರು ಸಲ ಸಾಲಾಗಿ ವಿಶ್ವ ಚಾಂಪಿಯನ್ ಆದಳು. ಮಧ್ಯದವಳು? ರಷ್ಯಾದಲ್ಲಿ ಮರೆಗೆ ಸರಿದುಬಿಟ್ಟಳು. ಹಿಂದಿನಿಂದ ಶೆರ್ಬಕೋವಾ, ತ್ರೂಸೋವಾ, ಕೊಸ್ತೊರ್ನಾಯಾ ಬಂದರು. ಮೂರು ಸೀಟಿನಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಆಟ ಹೋಗಿರಲಿಲ್ಲ, ಆಡಲು ಜಾಗ ಹೋಗಿತ್ತು.

2021ರಲ್ಲಿ ಜಾರ್ಜಿಯಾ ಪರ ಆಡಲು ಶುರು ಮಾಡಿದಳು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 11ನೇ ಸ್ಥಾನ. 2023ರ ಜನವರಿಯಲ್ಲಿ ಫಿನ್‌ಲ್ಯಾಂಡಿನ ಎಸ್ಪೂದಲ್ಲಿ ಯುರೋಪಿಯನ್ ಚಾಂಪಿಯನ್! ಫಿಗರ್ ಸ್ಕೇಟಿಂಗ್‌ನಲ್ಲಿ ಜಾರ್ಜಿಯಾಕ್ಕೆ ಅದು ಮೊದಲ ಯುರೋಪಿಯನ್ ಚಿನ್ನ. 2024, 2025 ಎರಡರಲ್ಲೂ ಬೆಳ್ಳಿ. ರಷ್ಯಾದವರು ಯುದ್ಧದ ಕಾರಣಕ್ಕೆ ಹೊರಗಿದ್ದರು, ಅದಕ್ಕೇ ಗೆದ್ದಳು ಅನ್ನುವವರಿದ್ದಾರೆ. ಇರಲಿ. ಎದುರಿಗೆ ಬಂದವರನ್ನು ಸೋಲಿಸಿದಳು. ಬರದೇ ಇದ್ದವರಿಗೆ ಅವಳೇನು ಮಾಡಬೇಕಿತ್ತು?

ನಮ್ಮ ಊರಲ್ಲೇ ತರಬೇತಿ ಪಡೆದ ಎಕಟೆರಿನಾ ಕುರಕೋವಾ ಮಾಸ್ಕೋದಲ್ಲಿ ಹುಟ್ಟಿ ಪೋಲೆಂಡ್ ಪರ ಒಲಿಂಪಿಕ್ಸ್ ಆಡಿದಳು. ಇನ್ನೂ ದೊಡ್ಡ ಕಥೆ ಡಿಯಾನಾ ಸ್ಟೆಲಾಟೊ ಡುಡೆಕ್ ಅವರದ್ದು. 2000ದಲ್ಲಿ ಅಮೆರಿಕದ ಪರ ಜೂನಿಯರ್ ವಿಶ್ವ ಬೆಳ್ಳಿ, ಮರುವರ್ಷ ಸೊಂಟದ ನೋವಿಗೆ ಆಟ ಬಿಟ್ಟರು. 2016ರಲ್ಲಿ ವಾಪಸ್ ಬಂದರು. ಆಮೇಲೆ ಕೆನಡಾಕ್ಕೆ ಬಂದು ಮ್ಯಾಕ್ಸಿಮ್ ಡೆಶಾಂ ಜೊತೆ ಪೇರ್ಸ್. 2024ರಲ್ಲಿ ಮಾಂಟ್ರಿಯಲ್‌ನಲ್ಲಿ ವಿಶ್ವ ಚಾಂಪಿಯನ್. ವಯಸ್ಸು 40. ಆ ಗೆಲುವಿನ ಹೊತ್ತಿಗೆ ಕೆನಡಾ ಪೌರತ್ವ ಇನ್ನೂ ಬಂದಿರಲಿಲ್ಲ, ಅದು ಸಿಕ್ಕಿದ್ದು ಆ ವರ್ಷದ ಕೊನೆಗೆ. ಯಾವ ಕೆನಡಿಯನ್ನೂ ಅದನ್ನು ಆಡಿಕೊಂಡಿದ್ದು ನಾನು ಕೇಳಿಲ್ಲ.

ಕೊಪ್ಪದ_ಹುಡುಗಿ

ಮಾವ, ಡಿಯಾನಾ ಅವರದ್ದು ದೊಡ್ಡವರ ತೀರ್ಮಾನ. ತಾನೇ ಯೋಚಿಸಿ, ತಾನೇ ನಿರ್ಧರಿಸಿ ಹೋದರು. ಅಮ್ಮ ಕೇಳುತ್ತಿರುವುದು 14ರ ಹುಡುಗಿಯ ಬಗ್ಗೆ.

ಟೊರಾಂಟೊ_ಮಾವ

ಒಪ್ಪಿದೆ.

ಸಿಡ್ನಿ_ಚಿಕ್ಕಮ್ಮ

ನಾನು ಇದನ್ನು ಬರೆಯಬೇಕಾ ಬೇಡವಾ ಅಂತ ಯೋಚಿಸುತ್ತಿದ್ದೆ. ಬರೆಯಬೇಕು ಅನಿಸಿತು.

ಕಾತ್ಯಾ ಅಲೆಕ್ಸಾಂಡ್ರೋವ್‌ಸ್ಕಾಯಾ ಅಂತ ಒಬ್ಬಳಿದ್ದಳು. ಮಾಸ್ಕೋದ ಹುಡುಗಿ, 2000ದ ಜನವರಿ 1ರಂದು ಹುಟ್ಟಿದವಳು. ಇಲ್ಲಿ ಸಿಡ್ನಿಯ ಹಾರ್ಲಿ ವಿಂಡ್ಸರ್ ಪೇರ್ಸ್ ಸ್ಕೇಟರ್. ಅವನಿಗೆ ಈ ದೇಶದಲ್ಲಿ ಜೋಡಿಯೇ ಸಿಗಲಿಲ್ಲ. ಪೇರ್ಸ್‌ನಲ್ಲಿ ಇದು ಮಾಮೂಲು. ಚಿಕ್ಕ ದೇಶಗಳಲ್ಲಿ ಆ ಎತ್ತರ, ಆ ತೂಕ, ಆ ಮಟ್ಟದ ಜೋಡಿ ಸಿಗುವುದಿಲ್ಲ, ರಷ್ಯಾದಲ್ಲಿ ಹುಡುಕುತ್ತಾರೆ. 2015ರ ಕೊನೆಗೆ ಮಾಸ್ಕೋದಲ್ಲಿ ಇಬ್ಬರನ್ನೂ ಸೇರಿಸಿದರು. ಹದಿನಾರರ ಹುಡುಗಿ ಭಾಷೆ ಬಾರದ ಊರಿಗೆ ಬಂದಳು.

ಆಟದಲ್ಲಿ ಮಾತ್ರ ಅದ್ಭುತ. 2017ರ ಮಾರ್ಚ್‌ನಲ್ಲಿ ತೈಪೆಯಲ್ಲಿ ಜೂನಿಯರ್ ವಿಶ್ವ ಚಾಂಪಿಯನ್. ಆಸ್ಟ್ರೇಲಿಯಾಕ್ಕೆ ಈ ಆಟದಲ್ಲಿ ಅಂಥದ್ದು ಮೊದಲು. ಅದೇ ವರ್ಷ ಅವಳಿಗೆ ಇಲ್ಲಿನ ಪೌರತ್ವ ಸಿಕ್ಕಿತು. 2018ರ ಒಲಿಂಪಿಕ್ಸ್‌ಗೂ ಹೋದರು. ಹಾರ್ಲಿ ಚಳಿಗಾಲದ ಒಲಿಂಪಿಕ್ಸ್ ಆಡಿದ ಮೊದಲ ಆಸ್ಟ್ರೇಲಿಯಾ ಮೂಲನಿವಾಸಿ. ಇಲ್ಲಿಯ ಪೇಪರ್‌ಗಳಲ್ಲೆಲ್ಲ ಅವರದ್ದೇ ಫೋಟೋ.

ಆಮೇಲೆ ಗಾಯ, ಒಂದಾದ ಮೇಲೊಂದು ಕಷ್ಟ. 2020ರ ಆರಂಭದಲ್ಲಿ ಮೂರ್ಛೆ ರೋಗ ಇರುವುದು ಗೊತ್ತಾಯಿತು, ಆಟ ಬಿಟ್ಟಳು. ಅದೇ ವರ್ಷ ಜುಲೈನಲ್ಲಿ ಮಾಸ್ಕೋದಲ್ಲಿ ತೀರಿಕೊಂಡಳು. 20 ವರ್ಷ.

ದೇಶ ಬದಲಿಸಿದ್ದರಿಂದ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಪದಕ ಬರುವಾಗ ಸುತ್ತ ಇಷ್ಟು ಜನ ಇರುತ್ತಾರೆ. ಮಂಡಿ ನೋವು ಬಂದಾಗ, ರಾತ್ರಿ ನಿದ್ದೆ ಬಾರದಾಗ, ಮಾತೃಭಾಷೆಯಲ್ಲಿ ಮಾತಾಡಲು ಯಾರಿದ್ದಾರೆ? ಮಗಳನ್ನು ಯಾವ ದೇಶಕ್ಕೆ ಆಡಿಸಿದರೂ ಸರಿ, ಆ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಳ್ಳಿ ತಾಯಿ.

ಸ್ಯಾನ್‌ಹೊಸೆ_ಅಮ್ಮ

ಚಿಕ್ಕಮ್ಮ, ಬರೆದದ್ದು ಒಳ್ಳೆಯದಾಯಿತು. ಕಾತ್ಯಾ ವಿಷಯ ಯಜಮಾನರಿಗೂ ಓದಿ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ.

ಒಂದು ಪ್ರಶ್ನೆ. ಭಾರತದ ಪರ ಆಡಬೇಕಾದರೆ ಮಗಳ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಸಾಕಾಗುತ್ತದಾ? ಕೋಚ್ ಪ್ರಕಾರ "ಕಾಗದ ಪತ್ರ ಎಲ್ಲ ಆಗುತ್ತೆ".

ನಿಯಮಪುಸ್ತಕ

ಸಾಕಾಗುವುದಿಲ್ಲ ಅಕ್ಕ. ಇಲ್ಲೇ ದೊಡ್ಡ ತೊಡಕು ಇರುವುದು, ಅದಕ್ಕೇ ಬಿಡಿಸಿ ಬರೆಯುತ್ತೇನೆ.

2008ರ ಡಿಸೆಂಬರ್‌ನಿಂದ ಕೇಂದ್ರ ಕ್ರೀಡಾ ಇಲಾಖೆಯ ನೀತಿ ಏನೆಂದರೆ, ಭಾರತದ ಪೌರರು ಮಾತ್ರ ಭಾರತವನ್ನು ಪ್ರತಿನಿಧಿಸಬಹುದು. ಅದಕ್ಕೆ ಮುಂಚೆ ಭಾರತೀಯ ಮೂಲದವರು ಆಡುತ್ತಿದ್ದರು. ಟೆನಿಸ್‌ನ ಸುನೀತಾ ರಾವ್ ಅಮೆರಿಕದಲ್ಲಿ ಬೆಳೆದವರು, ಸಾನಿಯಾ ಮಿರ್ಜಾ ಜೊತೆ 2008ರ ಬೀಜಿಂಗ್ ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಡಬಲ್ಸ್ ಆಡಿದ್ದರು. ಪ್ರಕಾಶ್ ಅಮೃತರಾಜ್ ಡೇವಿಸ್ ಕಪ್ ಆಡಿದ್ದರು. ನೀತಿ ಬಂದ ಮೇಲೆ ಇಬ್ಬರಿಗೂ ಬಾಗಿಲು ಮುಚ್ಚಿತು. ಒಸಿಐ ಕಾರ್ಡ್ ಅಂದರೆ ಪೌರತ್ವ ಅಲ್ಲ.

ಪೌರತ್ವ ಪಡೆಯುವುದು ಹೇಗೆ? ಪೌರತ್ವ ಕಾಯ್ದೆಯ 5ನೇ ಕಲಮಿನಲ್ಲಿ ಒಸಿಐ ಇರುವವರಿಗೆ ದಾರಿ ಇದೆ. ಐದು ವರ್ಷ ಒಸಿಐ ಆಗಿರಬೇಕು, ಅರ್ಜಿ ಹಾಕುವ ಮುಂಚೆ 12 ತಿಂಗಳು ಭಾರತದಲ್ಲಿ ವಾಸವಿರಬೇಕು, ವಯಸ್ಕರಾಗಿರಬೇಕು. ಮಗಳಿಗೆ 14, ಹಾಗಾಗಿ ಈಗ ಈ ದಾರಿ ಇಲ್ಲ. ತಂದೆ ತಾಯಿ ಭಾರತದ ಪೌರರಾಗಿದ್ದರೆ ಅಪ್ರಾಪ್ತ ಮಕ್ಕಳನ್ನು ನೋಂದಾಯಿಸಬಹುದು. ನೀವಿಬ್ಬರೂ ಅಮೆರಿಕದ ಪೌರರು, ಅದೂ ಇಲ್ಲ. ವಿಶೇಷ ಸಂದರ್ಭದಲ್ಲಿ ಯಾವುದೇ ಅಪ್ರಾಪ್ತರನ್ನು ನೋಂದಾಯಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ. ಅದನ್ನು ನಂಬಿಕೊಂಡು ಮಗಳ ಮುಂದಿನ ವರ್ಷಗಳನ್ನು ಯೋಜಿಸಲಾಗದು.

ಅಮೆರಿಕದ ಕಡೆಯೂ ಇದೆ. ಮಕ್ಕಳ ಪರವಾಗಿ ತಂದೆ ತಾಯಿ ಅಮೆರಿಕದ ಪೌರತ್ವ ಬಿಟ್ಟುಕೊಡಲು ಬರುವುದಿಲ್ಲ. 16ಕ್ಕಿಂತ ಕಡಿಮೆ ವಯಸ್ಸಿನವರಿಗೆ ಅದರ ಅರ್ಥ ಗೊತ್ತಿರುವುದಿಲ್ಲ ಅಂತಲೇ ಅಧಿಕಾರಿಗಳು ಭಾವಿಸುತ್ತಾರೆ. ಬಿಟ್ಟ ಮೇಲೆ ವಾಪಸ್ ಪಡೆಯುವುದು ಸುಲಭವಲ್ಲ. ಕಾಲೇಜು, ಕೆಲಸ ಎಲ್ಲಕ್ಕೂ ಅವಳು ತಾನು ಹುಟ್ಟಿದ ದೇಶಕ್ಕೆ ವೀಸಾ ಕೇಳಬೇಕಾಗುತ್ತದೆ.

ಟಾರಾ ಪ್ರಸಾದ್ ಉದಾಹರಣೆ ನೋಡಿ. ಅಮೆರಿಕದಲ್ಲಿ ಹುಟ್ಟಿ ಬೆಳೆದವರು, ತಮಿಳು ಮೂಲ. 2019ರಲ್ಲಿ ಭಾರತದ ಪೌರತ್ವ ಪಡೆದರು. ಆಗ ಅವರಿಗೆ 19. ಆಮೇಲೆ ಭಾರತದ ರಾಷ್ಟ್ರೀಯ ಚಾಂಪಿಯನ್ ಆದರು, ಫೋರ್ ಕಾಂಟಿನೆಂಟ್ಸ್ (ಯುರೋಪ್ ಬಿಟ್ಟು ಉಳಿದ ಖಂಡಗಳ ಚಾಂಪಿಯನ್‌ಶಿಪ್), 2025ರ ಹಾರ್ಬಿನ್ ಏಷ್ಯನ್ ಚಳಿಗಾಲದ ಕ್ರೀಡಾಕೂಟ ಎಲ್ಲ ಆಡಿದರು. ತಾವೇ ವಯಸ್ಕರಾಗಿ ಮಾಡಿದ ತೀರ್ಮಾನ.

ಮೈಸೂರು_ರೋಲರ್

ನಾನು ಮೈಸೂರಿನಲ್ಲಿ ಮಕ್ಕಳಿಗೆ ರೋಲರ್ ಸ್ಕೇಟಿಂಗ್ ಕಲಿಸುತ್ತೇನೆ. ನಿಯಮಪುಸ್ತಕದವರು ಹೇಳಿದ 12 ತಿಂಗಳ ವಾಸದ ಬಗ್ಗೆ ಒಂದು ಮಾತು. ಆ 12 ತಿಂಗಳು ಹುಡುಗಿ ಎಲ್ಲಿ ಸ್ಕೇಟ್ ಮಾಡುತ್ತಾಳೆ?

ಶಿಮ್ಲಾ ರಿಂಕ್ 1920ರಿಂದ ಇದೆ. ನೈಸರ್ಗಿಕ ಐಸ್, ಚಳಿಗಾಲ ಬಿಟ್ಟರೆ ಇಲ್ಲ. ಲಡಾಖ್‌ನಲ್ಲಿ ಕೆರೆ ಹೆಪ್ಪುಗಟ್ಟಿದಾಗ ಆಡುತ್ತಾರೆ. ಗುರುಗ್ರಾಮದ ಮಾಲ್‌ನಲ್ಲಿ ಒಂದು ರಿಂಕ್ ಇದೆ, ಚಿಕ್ಕದು. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ಒಲಿಂಪಿಕ್ ಅಳತೆಯ ರಿಂಕ್ ಕಟ್ಟಿದರು. ವರ್ಷಗಟ್ಟಲೆ ಮುಚ್ಚಿತ್ತು, 2025ರಲ್ಲಿ ಮತ್ತೆ ತೆರೆದರು. ಇಷ್ಟು ದೊಡ್ಡ ದೇಶಕ್ಕೆ ಹೆಚ್ಚುಕಡಿಮೆ ಇಷ್ಟೇ. ನಮ್ಮ ಕಡೆ ಬೆಂಗಳೂರು, ಮೈಸೂರು, ಬೆಳಗಾವಿಯಲ್ಲಿ ರೋಲರ್ ಮಾಡುವ ಮಕ್ಕಳು ಬೇಕಾದಷ್ಟಿದ್ದಾರೆ. ಆದರೆ ಗಾಲಿ ಮೇಲೆ ಕಲಿತ ಎಡ್ಜ್ ಬೇರೆ, ಬ್ಲೇಡ್ ಮೇಲಿನ ಎಡ್ಜ್ ಬೇರೆ. ಬ್ಲೇಡ್‌ನ ಅಡಿಯಲ್ಲಿ ಸಣ್ಣ ಕಾಲುವೆಯಂತೆ ಕೊರೆದಿರುತ್ತದೆ, ಒಳಗೊಂದು ಹೊರಗೊಂದು ಅಂಚು. ಲುಟ್ಜ್ ಜಂಪ್‌ಗೆ ಹೊರ ಅಂಚಿನಿಂದಲೇ ಏಳಬೇಕು. ಕೂದಲೆಳೆ ಒಳಕ್ಕೆ ವಾಲಿದರೂ ತೀರ್ಪುಗಾರರು ಅಂಕ ಕತ್ತರಿಸುತ್ತಾರೆ. ಅದನ್ನು ಪಾದಕ್ಕೆ ಹತ್ತಿಸಿಕೊಳ್ಳಲು ವರ್ಷಗಳು ಬೇಕು, ಕೈಬಿಟ್ಟರೆ ಕಳೆದುಹೋಗಲು ತಿಂಗಳುಗಳು ಸಾಕು.

ಜಯನಗರದ ಸರ್ ಎತ್ತಿದ ಮಾತಿಗೂ ಉತ್ತರ ಕೊಡುತ್ತೇನೆ. ಹೊರಗಿನಿಂದ ಒಬ್ಬಳು ಬಂದರೆ ಇಲ್ಲಿಯ ಮಕ್ಕಳ ಸೀಟು ಹೋಗುತ್ತದೆ ನಿಜ. ಆದರೆ ಟಾರಾ ಅವರ ವಿಡಿಯೋ ನೋಡಿ ನನ್ನ ಹತ್ತಿರ ಕಲಿಯುವ ಹುಡುಗಿಯರು ಭಾರತದ ಹೆಸರಿನ ಪಕ್ಕ ಟ್ರಿಪಲ್ ಜಂಪ್ (ಗಾಳಿಯಲ್ಲಿ ಮೂರು ಸುತ್ತು) ಇರುತ್ತದೆ ಅನ್ನುವುದನ್ನು ಮೊದಲ ಸಲ ಕಂಡರು. ಎರಡೂ ನಿಜವೇ. ಸೀಟು ಜಾಸ್ತಿಯಾಗಬೇಕಾದರೆ ಯಾರಾದರೂ ಮೇಲಿನ ಸ್ಥಾನಕ್ಕೆ ಬರಲೇಬೇಕಲ್ವಾ?

ಜಯನಗರ_4ನೇ_ಬ್ಲಾಕ್

ಮೈಸೂರಿನವರೇ, ಇದು ಒಪ್ಪುವಂಥ ಮಾತು. ಆದರೆ ಹೊರಗಿನಿಂದ ಬಂದವರು ಬಂದಷ್ಟೇ ಆಸಕ್ತಿಯಿಂದ ಇಲ್ಲಿ ಒಂದು ರಿಂಕ್ ಕೇಳಲಿ, ಇಲ್ಲಿಯ ಮಕ್ಕಳ ಜೊತೆ ಶಿಬಿರ ಮಾಡಲಿ. ಅಷ್ಟಿದ್ದರೆ ನನ್ನ ತಕರಾರಿಲ್ಲ.

ಜೊತೆಗೆ ಒಂದು ವಿಷಯ. ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಿಟ್ಟು ಭಾರತದ ಪೌರರಾದರು, ಭಾರತ ತಂಡಕ್ಕೆ ಆಡಲಿಕ್ಕೆ. ಪರ್ತ್‌ನಲ್ಲಿ ಹುಟ್ಟಿದವರು, ತಾಯಿಯ ಕಡೆ ಮುಂಬಯಿ. ಕಂಠೀರವದಲ್ಲಿ ಅವರ ಆಟ ನೋಡಿದ ನಮಗೆಲ್ಲ ಸಂತೋಷವೇ ಆಯಿತು. ಮೂವತ್ತು ದಾಟಿದ ಮನುಷ್ಯ, ಇಲ್ಲಿ ವಾಸವಿದ್ದು, ಇಲ್ಲಿಯ ಕ್ಲಬ್‌ಗೆ ಆಡಿ, ಆಮೇಲೆ ತೀರ್ಮಾನ ಮಾಡಿದ್ದು. ನನಗೆ ಆ ಕ್ರಮ ಸರಿ ಕಾಣುತ್ತದೆ.

ಟೊರಾಂಟೊ_ಮಾವ

ನೊಸ್ತುಷ್ ಕೆಂಜಿಗೆಯನ್ನೂ ಮರೆಯಬೇಡಿ. ಚಿಕ್ಕಮಗಳೂರು ಕಡೆಯ ಮನೆತನ, ಹುಟ್ಟಿದ್ದು ಅಮೆರಿಕದ ಅಲಬಾಮದಲ್ಲಿ, ಬೆಳೆದದ್ದು ಕರ್ನಾಟಕದಲ್ಲಿ. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕದ ಪರ ಪಾಕಿಸ್ತಾನದ ವಿರುದ್ಧ ಮೂರು ವಿಕೆಟ್ ತೆಗೆದಾಗ ನಮ್ಮ ಕನ್ನಡ ಸಂಘದ ಗುಂಪಿನಲ್ಲಿ ಹಬ್ಬ. ಭಾರತಕ್ಕೆ ಆಡಲಿಲ್ಲ ಅಂತ ಯಾರೂ ಒಂದು ಮಾತು ಅನ್ನಲಿಲ್ಲ. ಹಾಗಾದರೆ ಅಮೆರಿಕದಲ್ಲಿ ಹುಟ್ಟಿದ ಮಗು ಅಮೆರಿಕಕ್ಕೇ ಆಡಿದರೆ ಅಜ್ಜಿ ತಾತನಿಗೆ ಯಾಕೆ ಬೇಜಾರು? ಅವಳು ಎಲ್ಲಿ ಆಡಿದರೂ ಹಾಸನದ ಮೊಮ್ಮಗಳೇ.

ಕೊಪ್ಪದ_ಹುಡುಗಿ

ಅಮ್ಮ, ಇಷ್ಟೆಲ್ಲ ಮಾತಾಯಿತು. ಮಗಳನ್ನು ಕೇಳಿದ್ರಾ?

ಸ್ಯಾನ್‌ಹೊಸೆ_ಅಮ್ಮ

ಕೇಳಿದೆ. ಮೊನ್ನೆ ಈ ಚರ್ಚೆಯನ್ನು ಅವಳಿಗೇ ಓದಿ ಹೇಳಿದೆವು. ಕನ್ನಡ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಸಿಡ್ನಿ ಚಿಕ್ಕಮ್ಮ ಬರೆದದ್ದನ್ನು ಎರಡು ಸಲ ಕೇಳಿಸಿಕೊಂಡಳು.

ಅವಳು ಹೇಳಿದ್ದು ಇಷ್ಟು. ಅವಳಿಗೆ ಈ ವರ್ಷ ಬೇಕಾಗಿರುವುದು ಭಾರತವೂ ಅಲ್ಲ, ಅಮೆರಿಕವೂ ಅಲ್ಲ, ಟ್ರಿಪಲ್ ಲುಟ್ಜ್. ಅದು ಇನ್ನೂ ಅರ್ಧ ಸಲ ಒಳ ಅಂಚಿಗೆ ವಾಲುತ್ತದೆ. ಜೊತೆಯ ಹುಡುಗಿಯರ ಜೊತೆಗೇ ಪೆಸಿಫಿಕ್ ಕೋಸ್ಟ್ ಸೆಕ್ಷನಲ್ಸ್ ಆಡಬೇಕಂತೆ. ಭಾರತದ ಪರ ಆಡುವ ಆಸೆ ಇಲ್ಲ ಅಂತಲ್ಲ. "18 ಆದಮೇಲೆ ನಾನೇ ಹೇಳ್ತೀನಿ, ಅಲ್ಲಿವರೆಗೂ ಯಾರೂ ಯಾರಿಗೂ ಹೇಳಬೇಡಿ" ಅಂದಳು. ಆ ಕೊನೆಯ ಮಾತು ಅಜ್ಜಿ ತಾತನಿಗೆ ಹೇಳಿದ್ದು ಅಂತ ನಮಗೆ ಅರ್ಥವಾಯಿತು.

ಯಜಮಾನರು ಕೋಚ್‌ಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಅಂದಿದ್ದಾರೆ. ನಿಯಮಪುಸ್ತಕದವರ ಮಾತಿನಂತೆ, 18 ತುಂಬುವವರೆಗೆ ಅಮೆರಿಕದ ಪರ ಅಂತರರಾಷ್ಟ್ರೀಯ ಸ್ಪರ್ಧೆಗೆ ಕರೆ ಬಂದರೆ ಹೋಗುವ ಮುಂಚೆ ಅವಳನ್ನು ಕೂರಿಸಿಕೊಂಡು ಮಾತಾಡುತ್ತೇವೆ. ಹೋದರೆ ಆಮೇಲೆ ಬಿಡುಗಡೆ ಪತ್ರ, ಕಾಯುವ ವರ್ಷ ಎಲ್ಲ ಶುರುವಾಗುತ್ತದೆ ಅನ್ನುವುದು ಅವಳಿಗೂ ತಿಳಿದಿರಲಿ.

ಮೈಸೂರಿನ ಸರ್, ಒಂದು ಕೇಳಿಕೆ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇವೆ. ಹಾಸನದಿಂದ ಮೈಸೂರು ದೂರವೇನಲ್ಲ. ನಿಮ್ಮ ಮಕ್ಕಳ ಕ್ಲಾಸ್ ಬೆಳಗ್ಗೆಯಾ, ಸಂಜೆಯಾ? ಅವಳು ಬಂದು ನೋಡಬೇಕಂತೆ. ಗಾಲಿ ಮೇಲೆ ನಿಂತು ಅಭ್ಯಾಸವಿಲ್ಲ, ಅವಳ ಅಳತೆಯ ರೋಲರ್ ಸ್ಕೇಟ್ ನಿಮ್ಮಲ್ಲಿ ಸಿಗುತ್ತದಾ?

ಮೈಸೂರು_ರೋಲರ್

ಖಂಡಿತ ಬನ್ನಿ ಮೇಡಂ. ಬೆಳಗ್ಗೆ ಆರೂವರೆಗೆ, ಭಾನುವಾರ ಬಿಟ್ಟು ಎಲ್ಲ ದಿನ. ಸ್ಕೇಟ್ ಅಳತೆ ಮೆಸೇಜ್ ಮಾಡಿ, ತೆಗೆದಿಡುತ್ತೇನೆ. ಮೊಣಕಾಲಿಗೆ, ಮೊಣಕೈಗೆ ಗಾರ್ಡ್ ಮಾತ್ರ ಅವಳದ್ದೇ ತರಲಿ. ನಮ್ಮದು ಸಿಮೆಂಟ್ ನೆಲ.